ಹೊಗೆಯಿಲ್ಲದ ಕೆಂಡ

ಮುರಗೋಡದ ಸುತ್ತಿನ ಊರುಗಳಲ್ಲಿ ಹತ್ತಿಕಟ್ಟಿಗೆ, ಜಾಲಿ, ಕುಳ್ಳು ಉರಿಯುವ ಒಲೆಯ ಹೊಗೆಗೆ ನಾವು ಅಂಜುತ್ತೇವೆ; ಹೊಗೆಯಡಗಿದ ಇದ್ದಿಲ ಶೇಗಡಿಗೆ ಅಂಜುವುದಿಲ್ಲ. ಚಳಿಯ ರಾತ್ರಿ ಅದನ್ನು ಒಳಗಿಟ್ಟು ಕದ ಮುಚ್ಚುವುದು ಪ್ರಾಣಕ್ಕೇ ಅಪಾಯಕರವು.

ಶೇಗಡಿಯ ತಳದಲ್ಲಿ ಇಂಗಾಲವು ಉರಿದು ಇಂಗಾಲಾಮ್ಲ ವಾಯುವಾಗುತ್ತದೆ. ಆ ವಾಯುವು ಮೇಲಣ ಕೆಂಡಗಳ ನಡುವೆ ಹಾಯುವಾಗ ಮತ್ತಷ್ಟು ಇಂಗಾಲದೊಡನೆ ಕೂಡಿ ಕಾರ್ಬನ್ ಮಾನಾಕ್ಸೈಡ್ ಎನಿಸುವುದು. ಅದರ ಒಂದಂಶ ನೀಲಿ ಜ್ವಾಲೆಯಾಗಿ ಉರಿದುಹೋಗುತ್ತದೆ. ಉಳಿದುದು ಕೋಣೆಯನ್ನು ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಇದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಬಿಗಿದಪ್ಪುತ್ತದೆ. ತಲೆನೋವು, ಓಕರಿಕೆ ತೋರಿದೊಡನೆ ಬಯಲಿಗೆ ಬರಬೇಕು. ನಿದ್ರಿಸುವವನಿಗೆ ಆ ಎಚ್ಚರಿಕೆಯೂ ತಿಳಿಯದು.

ಆದುದರಿಂದ ಶೇಗಡಿಯನ್ನು ಅಂಗಳದಲ್ಲಿಯೇ ಬಳಸತಕ್ಕದ್ದು. ಬೂದಿಯಿಂದ ಜಾಲರಿಯ ಕಿಂಡಿಗಳು ಮುಚ್ಚದಂತೆ ದಿನವೂ ತೆಗೆಯಬೇಕು. ತೆಗೆದ ಬೂದಿಯನ್ನು ಬಣವೆಯ ಬಳಿ ಚೆಲ್ಲಲಾಗದು. ಅದರೊಳಗಿನ ಕೆಂಡವು ಮರುದಿನದವರೆಗೂ ಆರದೆ ಉಳಿಯಬಲ್ಲುದು.