ರೊಟ್ಟಿ ಬಡಿಯುವ ಕೈಗೆ ಜೆಲ್ ಉಗುರು: ಲೆಕ್ಕ ಕೂಡುತ್ತದೆಯೇ?

ಜೆಲ್ ಎಕ್ಸ್‌ಟೆನ್ಷನ್ ಕೋರ್ಸಿನ ಜಾಹೀರಾತು ಈಗ ಮೊಬೈಲ್ ಇರುವ ಊರಿಗೆಲ್ಲ ಬರುತ್ತದೆ, ಸಿಂಧನೂರು ತಾಲ್ಲೂಕಿನ ನಮ್ಮ ತುರ್ವಿಹಾಳಕ್ಕೂ ಬರುತ್ತದೆ. ಒಂದು ಕುರ್ಚಿ, ಒಂದು ಕನ್ನಡಿ ಇಟ್ಟುಕೊಂಡು ಐಬ್ರೋ, ಫೇಶಿಯಲ್, ಮದುಮಗಳ ಮೇಕಪ್ಪಿನಲ್ಲಿ ಸಂಸಾರ ತೂಗಿಸುವ ಹೆಣ್ಣುಮಗಳು ಹತ್ತು ದಿನ ಬಾಗಿಲು ಹಾಕಿ, ಬೆಂಗಳೂರಿಗೆ ಹೋಗಿ ಇದನ್ನು ಕಲಿತು ಬರಬೇಕೇ? ಬೇಡ ಎನ್ನುವುದು ನನ್ನ ಅಭಿಪ್ರಾಯ. ಕಲಿಯುವುದೇ ತಪ್ಪು ಎಂದಲ್ಲ. ಈ ಕೆಲಸದ ಲಾಭ ಉಗುರು ಕೂರಿಸುವುದರಲ್ಲಿ ಇಲ್ಲ, ಮೂರು ವಾರಕ್ಕೊಮ್ಮೆ ರೀಫಿಲ್ ಮಾಡಿಸಿಕೊಳ್ಳಲು ಮರಳಿ ಬರುವ ಗಿರಾಕಿಯಲ್ಲಿ ಇದೆ. ಆ ಗಿರಾಕಿ ಈ ಊರಿನಲ್ಲಿ ಎಷ್ಟು ಮಂದಿ ಎಂಬ ಪ್ರಶ್ನೆಗೆ ಉತ್ತರ ಸಿಗದೆ ಶುಲ್ಕ ಕಟ್ಟಬಾರದು.

ಲೆಕ್ಕವನ್ನು ಪೂರ್ತಿ ಹಾಕಿಯೇ ನೋಡೋಣ. ಕೋರ್ಸಿನ ಶುಲ್ಕ 30,000 ರೂಪಾಯಿ ಎಂದು ಹಿಡಿದರೆ ಅದರ ಮೇಲೆ ಶೇ 18ರ ಜಿಎಸ್‌ಟಿ 5,400. ಪಾರ್ಲರ್ ಜಿಎಸ್‌ಟಿ ನೋಂದಣಿ ಮಾಡಿಸಿರುವುದಿಲ್ಲವಾದ್ದರಿಂದ ಆ ದುಡ್ಡು ವಾಪಸ್ ಬರುವುದಿಲ್ಲ. ಬೆಂಗಳೂರಿನ ವಸತಿ, ಊಟ, ಓಡಾಟಕ್ಕೆ 8,000. ಲ್ಯಾಂಪ್, ಡ್ರಿಲ್ ಮಷಿನ್, ಟಿಪ್ಸ್, ಬಿಲ್ಡರ್ ಜೆಲ್ ಸೇರಿದ ಕಿಟ್ಟಿಗೆ 15,000. ಕೈ ಪಳಗುವವರೆಗೆ ಹಾಳಾಗುವ ಸಾಮಾನು 5,600. ಅಂಗಡಿ ಮುಚ್ಚಿದ ಹತ್ತು ದಿನಕ್ಕೆ ದಿನಕ್ಕೆ 600ರಂತೆ ಕೈಬಿಟ್ಟ ದುಡಿಮೆ 6,000. ಇದನ್ನು ಬಹಳ ಮಂದಿ ಖರ್ಚು ಎಂದೇ ಬರೆಯುವುದಿಲ್ಲ. ಎಲ್ಲ ಕೂಡಿದರೆ 70,000. ತುರ್ವಿಹಾಳದಲ್ಲಿ ಒಂದು ಸೆಟ್ಟಿಗೆ 800 ರೂಪಾಯಿ ತೆಗೆದುಕೊಂಡರೆ, ಸಾಮಾನಿನ 200 ಕಳೆದು ಉಳಿಯುವುದು 600. ಹಾಕಿದ ದುಡ್ಡು ಮರಳಬೇಕಾದರೆ 117 ಮಂದಿ ಬರಬೇಕು. ಇದು ಮೇಲ್ನೋಟದ ಲೆಕ್ಕ. ಒಳಗಿನ ಲೆಕ್ಕ ಇನ್ನೂ ಬಿಗಿ. ಎಕ್ಸ್‌ಟೆನ್ಷನ್ ಕೇಳುವವರು ಮದುವೆ ಹಂಗಾಮಿನಲ್ಲಿ ಬರುತ್ತಾರೆ. ಅದೇ ದಿನಗಳಲ್ಲಿ ಫೇಶಿಯಲ್, ಐಬ್ರೋಗೂ ಬಾಗಿಲಲ್ಲಿ ಜನ ನಿಂತಿರುತ್ತಾರೆ. ಒಂದು ಸೆಟ್ ಕೂರಿಸಲು ಎರಡೂವರೆ ತಾಸು ಬೇಕು. ಅಷ್ಟೇ ಹೊತ್ತಿನಲ್ಲಿ ಇಬ್ಬರಿಗೆ ಫೇಶಿಯಲ್, ಹತ್ತು ಮಂದಿಗೆ ಐಬ್ರೋ ಮುಗಿಯುತ್ತದೆ: ಸಾಮಾನು ಕಳೆದು ಫೇಶಿಯಲ್ಲಿಗೆ 350ರಂತೆ 700, ಐಬ್ರೋಗೆ 30ರಂತೆ 300, ಒಟ್ಟು ಸಾವಿರ. ಅಂದರೆ ಜನ ತುಂಬಿದ ದಿನ ಎಕ್ಸ್‌ಟೆನ್ಷನ್ ಹಿಡಿದು ಕೂತರೆ 400 ರೂಪಾಯಿ ನಷ್ಟ. ಹಾಗಾಗಿ ಖಾಲಿ ದಿನ ಬರುವ ಗಿರಾಕಿಯನ್ನು ಮಾತ್ರ ಆ 117ರಲ್ಲಿ ಎಣಿಸಬೇಕು. ತಿಂಗಳಿಗೆ ಅಂಥವರು ಇಬ್ಬರು ಎಂದರೆ ಹೆಚ್ಚುಕಡಿಮೆ ಐದು ವರ್ಷ. ಅಷ್ಟರೊಳಗೆ ಕಿಟ್ಟಿನ ಜೆಲ್ ಅವಧಿ ಮೀರಿ ಹೊಸದು ಕೊಳ್ಳಬೇಕಾಗಿರುತ್ತದೆ.

ದೊಡ್ಡ ಊರಿನಲ್ಲಿ ಇದೇ ಕೆಲಸ ಲಾಭ ಕೊಡುವುದು ಹೇಗೆ? ಅಲ್ಲಿ ಹತ್ತೇ ಮಂದಿ ಕಾಯಂ ಗಿರಾಕಿಗಳಿದ್ದು, ಮೂರು ವಾರಕ್ಕೊಮ್ಮೆ ಬಂದು, ಪ್ರತಿ ರೀಫಿಲ್ಲಿಗೆ 300 ಉಳಿದರೂ ವರ್ಷಕ್ಕೆ 17 ಸುತ್ತು, 51,000 ರೂಪಾಯಿ. ಇಲ್ಲಿ ಆ ಸುತ್ತು ತಿರುಗುವುದಿಲ್ಲ, ಕಾರಣ ಅಡುಗೆಮನೆಯಲ್ಲಿದೆ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ, ಅಂಗೈಯ ಬುಡದಿಂದ ಮಿದಿದು, ಬೆರಳು ಚಾಚಿ ಬಡಿದು ತಿರುಗಿಸುವ ಕೈಗೆ ಉದ್ದ ಉಗುರು ಆಗಿಬರುವುದಿಲ್ಲ. ಪ್ರತಿ ಬಡಿತಕ್ಕೂ ಟಿಪ್ಪಿನ ತುದಿಗೆ ಪೆಟ್ಟು ಬಿದ್ದು ಅದರ ಬುಡ ಏಳುತ್ತದೆ. ಎದ್ದ ಸಂದಿಗೆ ನೀರು ಇಳಿದು ನಿಂತರೆ ಸ್ವಂತ ಉಗುರು ಹಸಿರುಗಟ್ಟುತ್ತದೆ. ನೆಲ್ಲು ನಾಟಿಗೆ ಕೆಸರಿಗಿಳಿಯುವ ಕೈಯ ಮಾತು ಹೇಳುವುದೇ ಬೇಡ. ಮದುಮಗಳು ಫೋಟೋಕ್ಕಾಗಿ ಹಚ್ಚಿಸಿಕೊಳ್ಳುತ್ತಾಳೆ, ಗಂಡನ ಮನೆಗೆ ಹೋದ ಮೇಲೆ ತೆಗೆಸುತ್ತಾಳೆ. ಒಂದು ದಿನದ ಫೋಟೋಕ್ಕಾದರೆ ಅಂಟಿಸಿ ಕೀಳುವ ರೆಡಿಮೇಡ್ ಉಗುರಿನ ಸೆಟ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಕಾಲ ಬದಲಾಗಿದೆ, ಕಾಲೇಜಿಗೆ ಹೋಗುವವರು, ಬ್ಯಾಂಕಿನಲ್ಲಿ, ಶಾಲೆಯಲ್ಲಿ ಕೆಲಸ ಮಾಡುವವರು ಕೇಳುತ್ತಾರಲ್ಲ ಎನ್ನಬಹುದು. ನಿಜ, ಕೇಳುತ್ತಾರೆ. ಆದರೆ ಕೇಳುವವರೆಲ್ಲ ದುಡ್ಡು ಕೊಟ್ಟು ಮಾಡಿಸುವವರಲ್ಲ. ಈ ಊರಿನ ಕೈಯಲ್ಲಿ ದುಡ್ಡು ಓಡಾಡುವುದು ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನೋಡಿಕೊಂಡು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಯಿತು. ಹೊಸ ಗೇಟುಗಳನ್ನು ಕೂರಿಸುವುದಕ್ಕಾಗಿ 2025-26ರ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ಎಡದಂಡೆಯ ಅಚ್ಚುಕಟ್ಟಿನಲ್ಲಿ ಒಂದು ಬೆಳೆ ತಪ್ಪಿದರೆ ಮನೆಮಂದಿ ಮೊದಲು ಕೈಬಿಡುವುದು ಇಂಥ ಖರ್ಚನ್ನೇ. ಕಲಿತ ವಿದ್ಯೆ ಹಾಳಾಗದು ಎಂಬ ಮಾತಿಗೂ ಉತ್ತರವಿದೆ: ಕೈಕೆಲಸದ ವಿದ್ಯೆ ದಿನಾ ಮಾಡಿದರೆ ಮಾತ್ರ ಉಳಿಯುತ್ತದೆ, ಮೇಲಾಗಿ ಈ ವಿದ್ಯೆ ತಾನೇ ನಿಂತಲ್ಲಿ ನಿಲ್ಲುವುದಿಲ್ಲ. ಅಕ್ರಿಲಿಕ್ ಹೋಗಿ ಜೆಲ್, ಆಮೇಲೆ ಪಾಲಿಜೆಲ್, ಈಗ ಸಾಫ್ಟ್ ಜೆಲ್ ಟಿಪ್ಸ್. ಪ್ರತಿಯೊಂದಕ್ಕೂ ಬೇರೆ ಕೋರ್ಸು. ಜೆಲ್ ಗಟ್ಟಿಯಾಗಲು ಬೆರೆಸುವ ಟಿಪಿಒ ಎಂಬ ರಾಸಾಯನಿಕವನ್ನು ಯುರೋಪ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯ ಸಾಮಗ್ರಿಗಳಲ್ಲಿ ನಿಷೇಧಿಸಿತು. ಅಲ್ಲಿ ಮೊದಲೇ ಕೊಂಡಿಟ್ಟಿದ್ದ ಬಾಟಲಿಯನ್ನೂ ಬಳಸುವಂತಿಲ್ಲ. ಸರಿಯಾಗಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಬರುವ ಅಲರ್ಜಿ ಬಹುಮಟ್ಟಿಗೆ ಜೀವನಪೂರ್ತಿ ಉಳಿಯುತ್ತದೆ. ಕೈಯೇ ಬಂಡವಾಳವಾದವರಿಗೆ ಇದೂ ಹಣದ ಲೆಕ್ಕವೇ. ಇನ್ನು ‘ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್’: ಅಮೆರಿಕದ ರಾಜ್ಯಗಳಲ್ಲಿ ಇರುವಂತೆ ಉಗುರಿನ ಕೆಲಸಕ್ಕೆ ಇಲ್ಲಿ ಸರ್ಕಾರದ ಲೈಸೆನ್ಸ್ ಪರೀಕ್ಷೆ ಇಲ್ಲ. ಆ ಹಾಳೆ ಗೋಡೆಗೆ ಹಾಕಲು ಚೆಂದ, ಅಷ್ಟೆ.

ನನಗೆ ನಿಜಕ್ಕೂ ಸಿಟ್ಟು ಬರುವುದು ಕೋರ್ಸಿನ ಜೊತೆ ಮಾರುವ ‘ನೋ ಕಾಸ್ಟ್ ಇಎಂಐ’ ಮೇಲೆ. ಸೊನ್ನೆ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಪ್ರೊಸೆಸಿಂಗ್ ಫೀಯ ಹೆಸರಿನಲ್ಲಿ ಬಚ್ಚಿಡುತ್ತಾರೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಸಹಿ ಹಾಕುವಾಗ ಸಾಲ ಕೊಡುವುದು ಒಂದು ಫೈನಾನ್ಸ್ ಕಂಪನಿ, ಪಾಠ ಹೇಳುವುದು ಇನ್ನೊಂದು ಸಂಸ್ಥೆ. ಪಾಠ ಅರ್ಧಕ್ಕೆ ನಿಂತರೂ ಕಂತು ನಿಲ್ಲುವುದಿಲ್ಲ. 35,400ನ್ನು ಹನ್ನೆರಡು ಕಂತು ಮಾಡಿದರೆ ತಿಂಗಳಿಗೆ 2,950. ಗೃಹಲಕ್ಷ್ಮಿಯ 2,000 ಪೂರ್ತಿ ಕೊಟ್ಟರೂ ಸಾಲದು. ಎರಡು ಕಂತು ತಪ್ಪಿದರೆ ಸಿಬಿಲ್ ಕೆಡುತ್ತದೆ, ಮುಂದೆ ಅಡಮಾನವಿಲ್ಲದೆ 50,000ದವರೆಗೆ ಸಿಗುವ ಮುದ್ರಾ ಶಿಶು ಸಾಲಕ್ಕೂ ಅಡ್ಡಿ. ಸಂಘದ ಸಾಲ, ಮೈಕ್ರೋ ಫೈನಾನ್ಸ್ ವಾರದ ಕಂತು ಎರಡನ್ನೂ ಕಟ್ಟುತ್ತಿರುವ ಮನೆಗೆ ಮೂರನೆಯದನ್ನು ಹೊರಿಸುವ ಈ ವ್ಯಾಪಾರವನ್ನು ನಾನು ಒಪ್ಪಲಾರೆ. ಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಎಂಬುದು ನೆನಪಿರಲಿ.

ಹಾಗಾದರೆ ಏನು ಮಾಡಬೇಕು? ಗಲ್ಲೆಯ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ಯಾರು ಏನು ಕೇಳಿದರು, ಎಷ್ಟು ರೇಟು ಹೇಳಿದಿರಿ, ಮಾಡಿಸಿದರೋ ಹಿಂದೆ ಹೋದರೋ, ಮೂರು ತಿಂಗಳು ಬರೆಯಿರಿ. ಪ್ರತಿದಿನದ ಒಳಬಂದದ್ದು, ಹೊರಹೋದದ್ದು ಬರೆಯುವ ಅಭ್ಯಾಸವಿಲ್ಲದವರಿಗೆ ಯಾವ ಕೋರ್ಸೂ ಲಾಭ ತರುವುದಿಲ್ಲ, ಏಕೆಂದರೆ ಲಾಭ ಬಂದದ್ದು ಗೊತ್ತಾಗುವುದೇ ಇಲ್ಲ. ಹೊಸಬರಾದರೆ ಜಿಲ್ಲೆಯ ಆರ್‌ಸೆಟಿಯಲ್ಲಿ (ಗ್ರಾಮೀಣ ಸ್ವಯಂ ಉದ್ಯೋಗ ತರಬೇತಿ ಸಂಸ್ಥೆ) ಬ್ಯೂಟಿ ಪಾರ್ಲರ್ ತರಬೇತಿ ಊಟ, ವಸತಿ ಸಮೇತ ಉಚಿತ, ಅಲ್ಲಿಂದ ಶುರುಮಾಡಿ. ಪಾರ್ಲರ್ ಇರುವವರು ಸ್ವಂತ ಗಿಡ್ಡ ಉಗುರಿನ ಮೇಲೆ ಹಚ್ಚುವ ಜೆಲ್ ಪಾಲಿಶ್ ಕಲಿಯಿರಿ. ಅದು ರೊಟ್ಟಿಗೆ ಅಡ್ಡ ಬರುವುದಿಲ್ಲ, ಒಂದು ಲ್ಯಾಂಪ್ ಸಾಕು, ಮುಕ್ಕಾಲು ತಾಸಿನಲ್ಲಿ ಮುಗಿಯುತ್ತದೆ. ಎಕ್ಸ್‌ಟೆನ್ಷನ್ನೇ ಬೇಕೆನ್ನುವ ಮದುಮಗಳನ್ನು ಸಿಂಧನೂರಿಗೆ ಕಳಿಸಿ. ಸೀರೆ, ಬಂಗಾರಕ್ಕೆಂದು ಅವಳು ಹೇಗೂ ಅಲ್ಲಿಗೆ ಹೋಗುವವಳೇ. ನಿಮ್ಮ ನೋಟ್‌ಬುಕ್ಕಿನಲ್ಲಿ ರೀಫಿಲ್ಲಿಗೆ ಬರುವ ಹತ್ತು ಹೆಸರು ಸಿಕ್ಕ ದಿನ ಕೋರ್ಸಿಗೆ ಸೇರಿ. ಅದನ್ನೂ ಸ್ವಂತ ಉಳಿತಾಯದಿಂದ ಕಟ್ಟಿ, ಕಂತಿನ ಅರ್ಜಿಗೆ ಸಹಿ ಹಾಕಬೇಡಿ.