ಮೊದಲು ಬಿಚ್ಚಲು ಕಲಿ, ಆಮೇಲೆ ಕೊಳ್ಳು

ಶ್ರೀನಿವಾಸಪುರ

ಚಿ. ಪುಟ್ಟೂ,

ಮಾವಿನ ಮಂಡಿ ಶುರುವಾಗಿದೆ. ಬಾದಾಮಿ, ರಸಪುರಿ ಬಂದು ಬೀಳುತ್ತಿದೆ, ತೋತಾಪುರಿಗೆ ಇನ್ನೂ ಒಂದಷ್ಟು ದಿನ ಬೇಕು. ನಿನ್ನ ಪಾಲಿನದನ್ನು ದೊಡ್ಡಮ್ಮ ಆಗಲೇ ಹುಲ್ಲು ಹಾಸಿ ಅಟ್ಟದ ಮೇಲೆ ಇಟ್ಟಿದ್ದಾಳೆ. ಬೆಂಗಳೂರಿನಲ್ಲಿ ಪುಡಿ ಹಾಕಿ ಹಣ್ಣು ಮಾಡಿದ್ದನ್ನು ತಿನ್ನಬೇಡ ಅಂತ ಬರೆಯಲು ಹೇಳಿದಳು, ಬರೆದಿದ್ದೇನೆ.

ಈಗ ನಿನ್ನ ವಿಚಾರಕ್ಕೆ ಬರುತ್ತೇನೆ. ನಿಮ್ಮಪ್ಪ ಫೋನ್ ಮಾಡಿದ್ದ. "ಯಾವುದೋ ಗುಜರಿ ಡಬ್ಬಕ್ಕೆ ಸಂಬಳವೆಲ್ಲ ಸುರಿಯೋಕೆ ಹೊರಟಿದ್ದಾನೆ, ನೀನಾದರೂ ಬುದ್ಧಿ ಹೇಳಣ್ಣ" ಅಂದ. ಅದೇ ಸಂಜೆ ನಿನ್ನ ಮೆಸೇಜು ಬಂತು. ಅರವತ್ತರ ದಶಕದ ವೋಕ್ಸ್ ಎಸಿ 30 ಗಿಟಾರ್ ಆಂಪ್ಲಿಫೈಯರ್ ಸಿಕ್ಕಿದೆ, ನಿಮ್ಮ ಹಳೇ ಟ್ರಂಕಿನಲ್ಲಿ ಬಿಇಎಲ್ ಕಂಪನಿಯ ಇಎಲ್ 84 ವಾಲ್ವು ಇದ್ದರೆ ಎತ್ತಿಡಿ ಅಂತ. ನಿಮ್ಮಪ್ಪನ ಲೆಕ್ಕ ತಪ್ಪಲ್ಲ, ನಿನ್ನ ಆಸೆಯೂ ತಪ್ಪಲ್ಲ. ಫೋನಿನಲ್ಲಿ ಹೇಳಿದರೆ ನೀನು "ಹೂಂ ದೊಡ್ಡಪ್ಪ, ಸರಿ ದೊಡ್ಡಪ್ಪ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ.

ನೀನು ನೋಡಿದ ದೊಡ್ಡಪ್ಪ ಮಾವಿನ ತೋಪಿನವನು. ಅದಕ್ಕೂ ಮೊದಲು ನಾನು ಮೈಕ್ ಸೆಟ್ಟಿನವನು. ಕೋಲಾರ, ಮಾಲೂರು, ಮುಳಬಾಗಿಲು, ಈ ಕಡೆ ಶ್ರೀನಿವಾಸಪುರ, ಎಲ್ಲಿ ಮದುವೆ, ಎಲ್ಲಿ ಜಾತ್ರೆ, ಎಲ್ಲಿ ರಾತ್ರಿಯಿಡೀ ಕುರುಕ್ಷೇತ್ರ ನಾಟಕವೋ ಅಲ್ಲಿ ನಮ್ಮ ಹಾರ್ನು. ಮಾಲೂರಿನ ಹೆಂಚಿನ ಕಾರ್ಖಾನೆಗಳ ಕಡೆ ಗಣಪತಿ ಕೂರಿಸಿದರೆ ಕೆಲಸ, ಮುಳಬಾಗಿಲಿನಲ್ಲಿ ಆಂಜನೇಯನ ತೇರಾದರೆ ಕೆಲಸ. ಬೆಳಗಿನ ಜಾವ ನಾಟಕ ಮುಗಿಸಿ ಮುಳಬಾಗಿಲು ದೋಸೆ ತಿಂದು ಊರಿಗೆ ಬರುವುದು. ಆಗ ನಮ್ಮ ಕಸುಬಿನಲ್ಲಿ ದೊಡ್ಡ ಹೆಸರುಗಳೆಂದರೆ ಅಹುಜಾ ಮತ್ತು ಷಿಕಾಗೊ ರೇಡಿಯೊ. ನೆಹರೂ ಭಾಷಣ ಮಾಡುವ ಹಳೇ ಫೋಟೊ ಸಿಕ್ಕರೆ ಮುಂದಿರುವ ಮೈಕ್ ನೋಡು, ಎಷ್ಟೋ ಫೋಟೊಗಳಲ್ಲಿ ಷಿಕಾಗೊ ರೇಡಿಯೊ ಅಂತ ಬರೆದಿರುತ್ತದೆ. ಹೆಸರು ಹಾಗಿದ್ದರೂ ಕಂಪನಿ ನಮ್ಮ ದೇಶದ್ದೇ.

ಆ ಆಂಪ್ಲಿಫೈಯರುಗಳೆಲ್ಲ ವಾಲ್ವಿನವು. ಸ್ವಿಚ್ ಒತ್ತಿ ಅರ್ಧ ನಿಮಿಷ ಕಾಯಬೇಕು. ಗಾಜಿನೊಳಗೆ ಕೆಂಪಗೆ ಕಾವು ಏರಿದ ಮೇಲೆಯೇ ಸದ್ದು. ನೀನು ಕೇಳಿದ ವಾಲ್ವೂ ನಮ್ಮ ನಾಡಿನದ್ದೇ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಶುರುವಾದದ್ದು 1954ರಲ್ಲಿ. 1961ರಿಂದ ಅವರು ರೇಡಿಯೊ ವಾಲ್ವು ಮಾಡತೊಡಗಿದರು. ವೋಕ್ಸಿನವರು ಗಿಟಾರಿಗೆಂದು ಹಾಕಿದ ಇಎಲ್ 84 ಇದೆಯಲ್ಲ, ಅದೇ ವಾಲ್ವು ನಮ್ಮ ಕಡೆ ಮನೆಮನೆಯ ರೇಡಿಯೊದಲ್ಲಿ ಕೂತು ವಾರ್ತೆ ಓದುತ್ತಿತ್ತು. ಟ್ರಂಕಿನಲ್ಲಿ ಕೆಲವು ಇವೆ, ಎತ್ತಿಟ್ಟಿದ್ದೇನೆ. ಹೊರಗಿನ ಅಕ್ಷರ ಹೆಬ್ಬೆರಳು ತಾಗಿದರೆ ಅಳಿಸಿಹೋಗುತ್ತದೆ, ಒರೆಸಲು ಹೋಗಬೇಡ. ಗಾಜಿನ ನೆತ್ತಿ ನೋಡು. ಒಳಗೆ ಕನ್ನಡಿಯಂಥ ಬೆಳ್ಳಿ ಬಣ್ಣ ಇದ್ದರೆ ಗಾಳಿ ಹೊಕ್ಕಿಲ್ಲ ಎಂದು ನಂಬಬಹುದು. ಅದು ಹಾಲಿನ ಹಾಗೆ ಬಿಳಿಚಿಕೊಂಡಿದ್ದರೆ ಗಾಳಿ ಒಳಗೆ ಹೋಗಿದೆ, ಕತೆ ಮುಗಿದಿದೆ.

ಎಪ್ಪತ್ತರ ದಶಕದಲ್ಲಿ ಆರ್ಕೆಸ್ಟ್ರಾದವರ ಜೊತೆ ಕೆಜಿಎಫ್‌ನಿಂದ ಒಬ್ಬ ಆಂಗ್ಲೋ ಇಂಡಿಯನ್ ಗಿಟಾರಿನವನು ಬರುತ್ತಿದ್ದ. ಕೆಜಿಎಫ್ ಅಂದರೆ ನಮ್ಮ ಜಿಲ್ಲೆಯೊಳಗೇ ಇದ್ದ ಬೇರೆ ಲೋಕ. ಚಿನ್ನದ ಗಣಿಗೆಂದು 1902ರಲ್ಲೇ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟು ಬಂತು, ಸುತ್ತಲಿನ ನಮ್ಮ ಹಳ್ಳಿಗಳು ಇನ್ನೂ ದಶಕಗಟ್ಟಲೆ ಬುಡ್ಡಿ ದೀಪದಲ್ಲೇ ಇದ್ದವು. ಅಲ್ಲಿ ಕ್ಲಬ್ಬು, ಡ್ಯಾನ್ಸು, ಬ್ಯಾಂಡು ಎಲ್ಲ ಇತ್ತು. ಇವನ ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಇತ್ತು, ಸ್ವಂತ ಆಂಪ್ಲಿಫೈಯರ್ ಇರಲಿಲ್ಲ. ನಮ್ಮ ಮೈಕ್ ಸೆಟ್ಟಿನ ಎರಡನೇ ಮೈಕ್ ತೂತಿಗೆ ವೈರು ಚುಚ್ಚಿ ವಾಲ್ಯೂಮ್ ಪೂರ್ತಿ ತಿರುಗಿಸಿಬಿಡುತ್ತಿದ್ದ. ಸದ್ದು ಒಡೆದು ಗರಗರ ಅನ್ನುತ್ತಿತ್ತು. ಸೆಟ್ಟು ಹೋಯಿತಲ್ಲಪ್ಪ ಎಂದು ನಾನು ಓಡಿಹೋಗಿ ಇಳಿಸಿದರೆ ತಮಿಳು, ಕನ್ನಡ ಬೆರೆಸಿ ಬಯ್ಯುತ್ತಿದ್ದ. ಒಂದು ರಾತ್ರಿ ಮಾತ್ರ ಸಮಾಧಾನವಾಗಿ ಕೂರಿಸಿಕೊಂಡು ತೋರಿಸಿದ. ತಂತಿಯನ್ನು ಮೆಲ್ಲಗೆ ಮೀಟಿದ, ಸ್ವರ ತಿಳಿಯಾಗಿ ಬಂತು. ವಾಲ್ಯೂಮ್ ಮುಟ್ಟದೆ ಅದೇ ತಂತಿಯನ್ನು ಜೋರಾಗಿ ಮೀಟಿದ, ಸ್ವರದ ಅಂಚು ಒರಟಾಗಿ, ನೀಳವಾಗಿ ಎಳೆಯಿತು. "ನೋಡು, ನನ್ನ ಬೆರಳು ಕೇಳಿದ್ದನ್ನು ಇದು ಕೊಡ್ತದೆ" ಅಂದ.

ಆಮೇಲೆ ಟ್ರಾನ್ಸಿಸ್ಟರ್ ಸೆಟ್ಟು ಬಂತು. ನಮ್ಮ ಕಸುಬಿನವರು ಒಬ್ಬರೂ ವಾಲ್ವಿಗಾಗಿ ಕಣ್ಣೀರು ಹಾಕಲಿಲ್ಲ. ಹೊಸದು ಹಗುರ, ಕಾಯಬೇಕಾಗಿಲ್ಲ, ಕರೆಂಟು ಹೋದರೆ 12 ವೋಲ್ಟ್ ಬ್ಯಾಟರಿಗೇ ಓಡುತ್ತದೆ, ಎತ್ತಿನ ಗಾಡಿ ಕುಲುಕಿದರೆ ಗಾಜು ಒಡೆಯುವ ಭಯವಿಲ್ಲ. ನಾನು ಹಳೇದನ್ನು ಕಬ್ಬಿಣ, ತಾಮ್ರದ ತೂಕಕ್ಕೆ ಹಾಕಿದೆ. ಅದಕ್ಕೆ ಈಗಲೂ ಬೇಸರವಿಲ್ಲ, ಆ ದುಡ್ಡು ಆಗ ಬೇಕಿತ್ತು. ಕೊರಗಿದವನು ಆ ಗಿಟಾರಿನವನೊಬ್ಬನೇ. ಮುಂದಿನ ಕಾರ್ಯಕ್ರಮಕ್ಕೆ ಹೊಸ ಸೆಟ್ಟು ತೆಗೆದುಕೊಂಡು ಹೋದರೆ, ಅದರ ಮುಂದೆ ನಿಂತು ಎರಡು ಸಲ ಮೀಟಿ ಗಿಟಾರನ್ನು ಪೆಟ್ಟಿಗೆಗೆ ಇಟ್ಟುಬಿಟ್ಟ. ಆರ್ಕೆಸ್ಟ್ರಾದವರು ಕೈಕಾಲು ಹಿಡಿದ ಮೇಲೆ ಮತ್ತೆ ತೆಗೆದ.

ಅವನು ಯಾಕೆ ಕೊರಗಿದ ಅಂತ ಅರ್ಥವಾಗಲು ನನಗೆ ತುಂಬ ಕಾಲ ಹಿಡಿಯಿತು. ಮೈಕಿನವನಿಗೆ ಮಾತು ಒಡೆಯದೆ ಕೊನೆಯ ಸಾಲಿಗೆ ತಲುಪಬೇಕು. ನನ್ನ ಲೆಕ್ಕದಲ್ಲಿ ಸದ್ದು ಒಡೆದರೆ ದೋಷ. ಗಿಟಾರಿನವನಿಗೆ ಅದೇ ಗುಣ. ವಾಲ್ವನ್ನು ಅದರ ಶಕ್ತಿ ಮೀರಿ ದುಡಿಸಿದರೆ ಅದು ಒಮ್ಮೆಗೇ ಕತ್ತರಿಸಿ ಹಾಕುವುದಿಲ್ಲ, ಅಲೆಯ ತುದಿಯನ್ನು ನಿಧಾನಕ್ಕೆ ದುಂಡಗೆ ಮಾಡುತ್ತಾ ಹೋಗುತ್ತದೆ. ನಮ್ಮ ಮೈಕ್ ಆಂಪ್ಲಿಫೈಯರಿನಲ್ಲಿ ಆ ದೋಷ ತಿದ್ದಲು ಔಟ್‌ಪುಟ್‌ನಿಂದ ಒಂದು ಪಾಲನ್ನು ಹಿಂದಕ್ಕೆ ತಂದು ಕೊಡುವ ನೆಗೆಟಿವ್ ಫೀಡ್‌ಬ್ಯಾಕ್ ಇರುತ್ತಿತ್ತು. ನಿನ್ನ ಎಸಿ 30 ನೋಡು, ಅದರ ಕೊನೆಯ ಹಂತದಲ್ಲಿ ಆ ತಿದ್ದುಪಡಿಯೇ ಇಲ್ಲ. ನಾಲ್ಕು ಇಎಲ್ 84, ಸುಮಾರು 30 ವ್ಯಾಟ್, ಬೆರಳು ಹೇಳಿದ್ದು ಹಾಗೇ ಸ್ಪೀಕರಿಗೆ. ಕರೆಂಟನ್ನು ನೆಟ್ಟಗೆ ಮಾಡುವುದೂ ಜಿಝೆಡ್ 34 ಎಂಬ ವಾಲ್ವೇ ಆದ್ದರಿಂದ ಜೋರಾಗಿ ಬಾರಿಸಿದ ಕೂಡಲೇ ವೋಲ್ಟೇಜು ಒಂದು ಕ್ಷಣ ಕುಸಿದು ಮತ್ತೆ ಏಳುತ್ತದೆ. ಎಂಜಿನಿಯರ್ ಅದನ್ನು ಕೊರತೆ ಅನ್ನುತ್ತಾನೆ. ನೀನು ಅದನ್ನು ಉಸಿರು ಅನ್ನುತ್ತೀಯ.

ಆ ಪೆಟ್ಟಿಗೆ ಹುಟ್ಟಿದ್ದೂ ನುಡಿಸುವವರ ಗೋಳಿನಿಂದಲೇ. ವೋಕ್ಸಿನ ಎಂಜಿನಿಯರ್ ಡಿಕ್ ಡೆನ್ನಿ ಮೊದಲು 15 ವ್ಯಾಟಿನದನ್ನು ಮಾಡಿಕೊಟ್ಟಿದ್ದ. ಹುಡುಗಿಯರ ಕಿರುಚಾಟದಲ್ಲಿ ಅದು ಕೇಳಿಸದೆ ಇಂಗ್ಲೆಂಡಿನ ಶ್ಯಾಡೋಸ್ ತಂಡದವರು ಹೆಚ್ಚು ಸದ್ದು ಬೇಕೆಂದರು, 1959ರ ಹೊತ್ತಿಗೆ ಎಸಿ 30 ಬಂತು. ಆಮೇಲೆ ಬೀಟಲ್ಸ್ ಅದನ್ನೇ ಹಿಡಿದರು. ಅದನ್ನು ಕಟ್ಟಿದ ಜೆಎಂಐ ಕಂಪನಿ ಅರವತ್ತರ ದಶಕದ ಕೊನೆಗೇ ಮುಗಿಯಿತು. ವೋಕ್ಸ್ ಎಂಬ ಹೆಸರು ಕೈಯಿಂದ ಕೈಗೆ ಹೋಗಿ ಈಗ ಜಪಾನಿನ ಕೋರ್ಗ್ ಬಳಿ ಇದೆ. ಇನ್ನೊಂದು ಕೇಳು. ಅಮೆರಿಕದ ಫೆಂಡರ್ ಕಂಪನಿ ಬೇಸ್ ಗಿಟಾರಿಗೆಂದು ಬೇಸ್‌ಮನ್ ಎಂಬ ಆಂಪ್ಲಿಫೈಯರ್ ಮಾಡಿತು, ಮಾಮೂಲಿ ಗಿಟಾರಿನವರು ಅದನ್ನು ತಮ್ಮದು ಮಾಡಿಕೊಂಡರು. ಲಂಡನ್ನಿನಲ್ಲಿ ಡ್ರಮ್ ಮಾರುತ್ತಿದ್ದ ಜಿಮ್ ಮಾರ್ಷಲ್ ತನ್ನ ಹುಡುಗರನ್ನು ಕೂರಿಸಿ 1962ರಲ್ಲಿ ಅದರ ಸರ್ಕ್ಯೂಟನ್ನೇ ನಕಲು ಮಾಡಿಸಿದ. ಟ್ರಾನ್ಸ್‌ಫಾರ್ಮರು, ಸ್ಪೀಕರು, ವಾಲ್ವು ಎಲ್ಲ ತನ್ನ ಊರಿನಲ್ಲಿ ಸಿಕ್ಕಿದ್ದು. ನಕಲು ಅಸಲಿನ ಹಾಗೆ ಕೇಳಿಸಲಿಲ್ಲ, ಅದೇ ಮಾರ್ಷಲ್ ಸದ್ದಾಯಿತು. ಆದ್ದರಿಂದ ಚೀಟಿಯ ಮೇಲಿನ ಹೆಸರಿಗೆ ಪೂಜೆ ಮಾಡಬೇಡ. ಸದ್ದು ಇರುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ, ಸ್ಪೀಕರಿನಲ್ಲಿ, ಅದನ್ನು ಕಟ್ಟಿದವನ ಲೆಕ್ಕದಲ್ಲಿ. ವಾಲ್ವು ಸವೆದ ಮೇಲೆ ಬದಲಾಯಿಸುವ ಸಾಮಾನು.

ನನಗೆ ದಿಗಿಲಿರುವುದು ಬೇರೆ ಕಡೆ. ಹಳೇದನ್ನು ಪ್ರೀತಿಸುವವರು ಅದರ ಎಲ್ಲ ಕಾಯಿಲೆಗಳನ್ನೂ ಪ್ರೀತಿಸಲು ಶುರು ಮಾಡುತ್ತಾರೆ. ಕಂಡೆನ್ಸರ್ ಒಣಗಿ 'ಹೂಂ' ಎಂದು ಗುನುಗುತ್ತಿದ್ದರೆ ಅದು ಹಳೇ ಕಾಲದ ಸ್ವರ ಅನ್ನುತ್ತಾರೆ. ಮಾವು ಮಾಗಿದರೂ ಮೆತ್ತಗಾಗುತ್ತದೆ, ಕೊಳೆತರೂ ಮೆತ್ತಗಾಗುತ್ತದೆ. ಮಂಡಿಯವನು ತೊಟ್ಟಿನ ಹತ್ತಿರ ಒತ್ತಿ, ಮೂಸಿ, ಯಾವುದು ಯಾವುದು ಅಂತ ಹೇಳುತ್ತಾನೆ. ಆ ವಿವೇಕ ನಿನಗೆ ಬಂದಿಲ್ಲ, ಬರುವವರೆಗೆ ಯಾರು ಏನು ಹೇಳಿದರೂ ನಂಬಬೇಕಾಗುತ್ತದೆ. ಕಂಪನಿಯೇ ನಿಂತುಹೋದ ಸಾಮಾನಿಗೆ ಗ್ಯಾರಂಟಿ ಅಂದರೆ ಅದನ್ನು ರಿಪೇರಿ ಮಾಡಬಲ್ಲವನು. ಅಂಥವರು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೂ ಕಡಿಮೆಯಾಗುತ್ತಿದ್ದಾರೆ, ಕೋಲಾರದಲ್ಲಿ ಬೆರಳೆಣಿಕೆ. ವಾಲ್ವಿಗೂ ಈಗ ಸ್ಲೊವಾಕಿಯ, ರಷ್ಯಾ, ಚೀನಾದ ಕೆಲವೇ ಕಾರ್ಖಾನೆಗಳನ್ನು ನಂಬಿಕೊಂಡಿರಬೇಕು. 2022ರಲ್ಲಿ ರಷ್ಯಾ ರಫ್ತು ತಡೆದಾಗ ಪ್ರಪಂಚದ ಗಿಟಾರಿನವರೆಲ್ಲ ಕಂಗಾಲಾದರು.

ಆದ್ದರಿಂದ ನನ್ನ ಮಾತು ಇಷ್ಟೇ: ಮೊದಲು ಬಿಚ್ಚಲು ಕಲಿ, ಆಮೇಲೆ ಕೊಳ್ಳು. ಒಂದು ಇಸಿಸಿ 83 ವಾಲ್ವು, ಒಂದು ಇಎಲ್ 84, ಎರಡು ಟ್ರಾನ್ಸ್‌ಫಾರ್ಮರು ಇದ್ದರೆ ಸುಮಾರು 5 ವ್ಯಾಟಿನ ಪುಟ್ಟ ಆಂಪ್ಲಿಫೈಯರನ್ನು ನೀನೇ ಕಟ್ಟಬಹುದು. ವಾಲ್ವು ಟ್ರಂಕಿನಿಂದ ಕೊಡುತ್ತೇನೆ. ಕಟ್ಟುವಾಗ ಗುನುಗು ಎಲ್ಲಿಂದ ಬಂತು, ಗರಗರ ಎಲ್ಲಿಂದ ಬಂತು ಅಂತ ನೀನೇ ಹುಡುಕುತ್ತೀಯ. ಆನ್ ಮಾಡಿ, ಮೊದಲ ಹಂತದ ವಾಲ್ವನ್ನು ಪೆನ್ಸಿಲ್ ತುದಿಯಿಂದ ಮೆಲ್ಲಗೆ ತಟ್ಟಿ ನೋಡು. ಸ್ಪೀಕರಿನಲ್ಲಿ 'ಟಿಣ್' ಅಂತ ಕೇಳಿಸಿದರೆ ಒಳಗೆ ಸಡಿಲವಾಗಿದೆ. ಇಂಥದ್ದು ಓದಿ ಬರುವುದಿಲ್ಲ. ಆ ಪುಟ್ಟ ಪೆಟ್ಟಿಗೆ ಹಾಡಿದ ದಿನ ಎಸಿ 30 ಹಿಂಬದಿ ಬಿಚ್ಚಿ ನೋಡಿದರೆ ನಿನಗೇ ಗೊತ್ತಾಗುತ್ತದೆ, ಅದು ಕೇಳಿದ ಬೆಲೆಗೆ ತಕ್ಕದ್ದೋ ಅಲ್ಲವೋ ಅಂತ. ತಕ್ಕದ್ದಾದರೆ ತಗೋ, ನಿಮ್ಮಪ್ಪನ ಹತ್ತಿರ ನಾನು ಮಾತಾಡುತ್ತೇನೆ.

ಈಗ ಹೇಳುವುದನ್ನು ಮಾತ್ರ ಎರಡು ಸಲ ಓದು. ಒಳಗೆ 300 ವೋಲ್ಟಿಗೂ ಮೀರಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕಂಡೆನ್ಸರುಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ರೆಸಿಸ್ಟರ್ ಹಾಕಿ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆ ಕೈ ಹಾಕು. ಕಾಲಲ್ಲಿ ಚಪ್ಪಲಿ ಇರಲಿ, ಒಂದು ಕೈ ಜೇಬಿನಲ್ಲಿರಲಿ, ಮನೆಯಲ್ಲಿ ಯಾರಾದರೂ ಇರಲಿ. ಸ್ಪೀಕರ್ ಸೇರಿಸದೆ ವಾಲ್ವ್ ಆಂಪ್ಲಿಫೈಯರ್ ಓಡಿಸಬೇಡ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ನೀನು ಕೊಟ್ಟ ದುಡ್ಡಿನ ದೊಡ್ಡ ಪಾಲು ಹೊಗೆಯಾಗುತ್ತದೆ. ಕಲಿಯಲೆಂದು ಟ್ರಾನ್ಸ್‌ಫಾರ್ಮರ್ ಇಲ್ಲದ ಹಳೇ ಎಸಿ-ಡಿಸಿ ರೇಡಿಯೊ ತರಬೇಡ, ಅದರ ಚಾಸಿಗೇ ಕರೆಂಟು ಬಂದಿರಬಹುದು. ಎರಡು ಪಿನ್ನಿನ ವೈರು ಕಂಡರೆ ಮೂರು ಪಿನ್ನಿಗೆ ಬದಲಾಯಿಸಿ ಅರ್ತ್ ಕೊಡು. ಗಿಟಾರಿನ ತಂತಿ ಅದೇ ಚಾಸಿಗೆ ಸೇರಿರುತ್ತದೆ, ನಿನ್ನ ತುಟಿ ಮೈಕಿಗೆ ತಾಗಿರುತ್ತದೆ. 1972ರಲ್ಲಿ ಲೆಸ್ ಹಾರ್ವಿ ಎಂಬ ಗಿಟಾರಿನ ಹುಡುಗ ವೇಲ್ಸಿನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆಯೇ ಮೈಕ್ ಮುಟ್ಟಿ ಶಾಕ್ ಹೊಡೆದು ತೀರಿಕೊಂಡ. ನಾವು ಜಾತ್ರೆಗಳಲ್ಲಿ ಕಬ್ಬಿಣದ ಸರಳು ಹೂತು, ಉಪ್ಪು, ಇದ್ದಿಲು ಹಾಕಿ, ನೀರು ಸುರಿದು ಅರ್ತ್ ಮಾಡಿಕೊಂಡ ಮೇಲೆಯೇ ಸ್ವಿಚ್ ಒತ್ತುತ್ತಿದ್ದೆವು. ನೀನು ಆಡುವ ಪಬ್ಬಿನಲ್ಲಿ ಅರ್ತ್ ಇದೆಯೋ ಇಲ್ಲವೋ ಕೇಳಿದ್ದೀಯಾ? ಕೇಳು.

ಮುಂದಿನ ಭಾನುವಾರ ಬಾ. ಮಾರುವವನನ್ನು ಕೇಳಿ ಆಂಪ್ಲಿಫೈಯರಿನ ಹಿಂಬದಿ ಬಿಚ್ಚಿಸಿ ಫೋಟೊ ತೆಗೆದುಕೊಂಡು ಬಾ: ಟ್ರಾನ್ಸ್‌ಫಾರ್ಮರಿನದು, ಸ್ಪೀಕರಿನ ಬೆನ್ನಿನದು, ಕಂಡೆನ್ಸರುಗಳದು. ಬಿಚ್ಚಲು ಬಿಡುವುದಿಲ್ಲ ಅಂದರೆ ಅಲ್ಲಿಗೇ ಕೈಮುಗಿದು ಎದ್ದು ಬಾ. ಗಿಟಾರೂ ತಾ, ನಿನ್ನ ದೊಡ್ಡಮ್ಮ ನೀನು ನುಡಿಸುವುದನ್ನು ಇನ್ನೂ ಕೇಳಿಲ್ಲ. ಬೆಸುಗೆ ಹಾಕುವ ಕಡ್ಡಿ ನನ್ನ ಹತ್ತಿರ ಇದೆ, ಸೀಸ ಮಾತ್ರ ಎಸ್‌ಪಿ ರಸ್ತೆಯಿಂದ ಒಳ್ಳೆಯದು ನೋಡಿ ತಾ. ಅಷ್ಟರೊಳಗೆ ಯಾರಿಗೂ ಅಡ್ವಾನ್ಸ್ ಕೊಡಬೇಡ.

ಇತಿ,
ನಿನ್ನ ದೊಡ್ಡಪ್ಪ