ತೀರ್ಪಿಗೆ ಮುಂಚಿನ ಸೆರೆ

ಸೆರೆಮನೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಹಳ್ಳಿಗಳಲ್ಲಿ ಹುಟ್ಟುವ ಎಣಿಕೆ ಒಂದೇ: ಕದ್ದವನೂ ಹೊಡೆದವನೂ ಮೋಸಮಾಡಿದವನೂ ಅಲ್ಲಿರುತ್ತಾರೆ, ನ್ಯಾಯಾಧಿಪತಿಯು ತೀರ್ಪು ಕೊಟ್ಟಿದ್ದಾನೆ, ಅವರು ತಮ್ಮ ಕ್ರಿಯೆಯ ಫಲವನ್ನು ಉಣ್ಣುತ್ತಿದ್ದಾರೆ. ಈ ಎಣಿಕೆಯು ಎಷ್ಟರ ಮಟ್ಟಿಗೆ ಸರಿಯಾದದ್ದೆಂದು ಈ ಪಾಠದಲ್ಲಿ ವಿಚಾರಿಸೋಣ.

2022ನೇ ಇಸವಿಯ ಕಡೆಯಲ್ಲಿ ಸರಕಾರದವರು ಲೆಕ್ಕಹಾಕಿದಾಗ ನಮ್ಮ ದೇಶದ 1,330 ಸೆರೆಮನೆಗಳಲ್ಲಿ 5,73,220 ಮಂದಿ ಇದ್ದರು. ಅವರೊಳಗೆ 4,34,302 ಮಂದಿ ಇನ್ನೂ ವಿಚಾರಣೆ ತೀರದವರು. ಅಂದರೆ 100 ಮಂದಿ ಕೈದಿಗಳಲ್ಲಿ 75ಕ್ಕಿಂತ ಹೆಚ್ಚು ಮಂದಿಯನ್ನು ತಪ್ಪಿತಸ್ಥರೆಂದು ಯಾವ ನ್ಯಾಯಸ್ಥಾನವೂ ಹೇಳಿರಲಿಲ್ಲ. ಇವರಲ್ಲಿ ತಪ್ಪು ಮಾಡಿದವರೂ ಇರಬಹುದು, ಮಾಡದವರೂ ಇರಬಹುದು. ಅದನ್ನು ಗೊತ್ತುಮಾಡುವುದಕ್ಕಾಗಿಯೇ ವಿಚಾರಣೆ ಇರುವುದು. ತೀರ್ಪಿನ ವರೆಗೆ ಮನುಷ್ಯನನ್ನು ನಿರ್ದೋಷಿಯೆಂದೇ ಎಣಿಸಬೇಕೆಂಬದು ಕಾನೂನಿನ ಮೂಲ ನಿಯಮ. ಅವನು ಓಡಿಹೋದಾನು, ಸಾಕ್ಷಿಗಳನ್ನು ಕೆಡಿಸಿಯಾನು ಎಂಬ ಭಯವಿದ್ದಲ್ಲಿ ಮಾತ್ರ ಕಾವಲಿನಲ್ಲಿಡುವುದು ಯುಕ್ತ. ಇಲ್ಲವಾದರೆ ಜಾಮೀನಿನ ಮೇಲೆ ಬಿಡತಕ್ಕದ್ದು.

ಹೀಗಿರಲಾಗಿ ಇಷ್ಟು ಜನರು ಒಳಗೆ ಉಳಿಯುವುದು ಯಾಕೆ? ಘೋರವಾದ ಅಪರಾಧದ ಆರೋಪ ಹೊತ್ತವರು ಕೆಲವರುಂಟು. ಆದರೆ ಜಾಮೀನಿನ ಆಜ್ಞೆ ಸಿಕ್ಕಿದ ಮೇಲೆಯೂ ಹೊಣೆಗಾರನಿಲ್ಲದೆ ಕೂತಿರುವವರೂ ಅನೇಕರುಂಟು, ಮತ್ತು ನಮ್ಮ ಸೀಮೆಗೆ ಬಹಳವಾಗಿ ತಗಲುವ ಸಂಗತಿ ಇದೇ. ಹಳಿಯಾಳ ತಾಲೂಕಿನ ಸಾಂಬ್ರಾಣಿಯ ಒಬ್ಬ ಕೂಲಿಯವನ ಮೇಲೆ ಕಾಡಿನ ಮರ ಕಡಿದನೆಂಬ ಮೊಕದ್ದಮೆ ಬಿತ್ತೆಂದು ಇಟ್ಟುಕೊಳ್ಳೋಣ. ಹೊಣೆಗೆ ನಿಲ್ಲುವವನು ತನಗೆ ಆಸ್ತಿಯುಂಟೆಂದು ತೋರಿಸಬೇಕು. ನ್ಯಾಯಸ್ಥಾನದಲ್ಲಿ ಸಾಮಾನ್ಯವಾಗಿ ಕೇಳುವುದು ಹೊಲದ ಪಹಣಿಯನ್ನು. ಈ ತಾಲೂಕುಗಳ ಸಿದ್ದಿ, ಗೌಳಿ, ಕುಣಬಿ ಮನೆತನಗಳಲ್ಲಿ ಅನೇಕರು ಅಜ್ಜನ ಕಾಲದಿಂದ ಉತ್ತು ಉಣ್ಣುವ ಭೂಮಿಯು ಅರಣ್ಯದ ಲೆಕ್ಕದಲ್ಲಿರುವುದರಿಂದ ಅವರ ಕೈಯಲ್ಲಿ ಪಹಣಿ ಇಲ್ಲ. ಅವನ ನೆಂಟರೂ ಅವನಂಥವರೇ. ಪಹಣಿಯುಳ್ಳವನು ಹೊಣೆಗೆ ಬರಲು ಅಂಜುತ್ತಾನೆ. ಜಿಲ್ಲೆಯ ಸೆರೆಮನೆಯಾದರೋ ಘಟ್ಟದ ಕೆಳಗೆ ಕಾರವಾರದಲ್ಲಿರುವುದು. ಹಳಿಯಾಳದಿಂದ 100 ಕಿಲೋಮೀಟರಿಗೂ ಮೀರಿದ ದಾರಿ. ಅಲ್ಲಿಟ್ಟವನನ್ನು ನೋಡಿಬರಬೇಕಾದರೆ ಹೆಂಡತಿಯು ಬಸ್ಸಿನ ಚಾರ್ಜನ್ನೂ ಒಂದು ದಿನದ ಕೂಲಿಯನ್ನೂ ಕಳಕೊಳ್ಳಬೇಕು.

ಕೂಲಿಗಾಗಿ ಗೋವೆಗೂ ಬೆಳಗಾವಿಗೂ ಹೋಗುವವರ ಕಷ್ಟ ಇನ್ನೂ ಹೆಚ್ಚಿನದು; ಯಾಕಂದರೆ ಪರಸ್ಥಳದಲ್ಲಿ ಆ ಊರಿನವನನ್ನೇ ಹೊಣೆಗೆ ಕರೆತಾ ಎನ್ನುವ ವಾಡಿಕೆಯಿದೆ. ಈ ವಿಷಯದಲ್ಲಿ 1978ರಲ್ಲಿ ದಿಲ್ಲಿಯ ಸರ್ವೋಚ್ಚ ನ್ಯಾಯಾಲಯದ ಮುಂದೆ ಒಂದು ವ್ಯಾಜ್ಯ ಬಂತು. ಮಧ್ಯಪ್ರದೇಶದ ಮೋತಿರಾಮನೆಂಬ ಗಾರೆ ಕೆಲಸದವನಿಗೆ ಜಾಮೀನು ಸಿಕ್ಕಿತ್ತು. ಆದರೆ ಕೆಳಗಿನ ದಂಡಾಧಿಕಾರಿಯು 10,000 ರೂಪಾಯಿಯ ಹೊಣೆ ಕೇಳಿದನು, ಅವನ ಸಹೋದರನು ಮುಂದೆ ಬಂದಾಗ ಆಸ್ತಿಯು ಬೇರೆ ಜಿಲ್ಲೆಯಲ್ಲಿದೆಯೆಂದು ತಳ್ಳಿಬಿಟ್ಟನು. ನ್ಯಾಯಮೂರ್ತಿ ಕೃಷ್ಣ ಅಯ್ಯರರು ಇದನ್ನು ಖಂಡಿಸಿ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ಆ ತೀರ್ಪಾಗಿ 40 ವರುಷಗಳು ದಾಟಿದ ಮೇಲೆ, 2023ರ ಜನವರಿ 31ರಂದು, ಸ್ಥಳೀಯ ಹೊಣೆಗಾರನೇ ಬೇಕೆಂಬ ಷರತ್ತನ್ನು ಹಾಕದಿರುವುದು ಒಳ್ಳೇದೆಂದು ಅದೇ ನ್ಯಾಯಾಲಯವು ಮತ್ತೊಮ್ಮೆ ಹೇಳಬೇಕಾಯಿತು. ಹಳೇ ವಾಡಿಕೆಯು ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂಬದಕ್ಕೆ ಬೇರೆ ಸಾಕ್ಷಿ ಬೇಕೋ?

ಒಳಗಿನ ಸ್ಥಿತಿಯನ್ನೂ ತಿಳಿಯಬೇಕು. ಮೇಲೆ ಹೇಳಿದ ವರುಷದಲ್ಲಿ 100 ಮಂದಿಗೆಂದು ಕಟ್ಟಿದ ಸ್ಥಳದಲ್ಲಿ 131 ಮಂದಿ ಇದ್ದರು. ಇದು ದೇಶದ ಸರಾಸರಿಯಾದದರಿಂದ ಕೆಲವು ಸೆರೆಮನೆಗಳಲ್ಲಿ ಇಕ್ಕಟ್ಟು ಇದಕ್ಕಿಂತ ಬಹಳ ಹೆಚ್ಚು. ಹೀಗೆ ಒತ್ತಿಕೊಂಡು ಮಲಗುವಲ್ಲಿ ಕಜ್ಜಿಯೂ ಕ್ಷಯವೂ ಸುಲಭವಾಗಿ ಹಬ್ಬುತ್ತವೆ. ಮೊದಲ ಸಾರಿ ಸಿಕ್ಕಿಬಿದ್ದ ಹುಡುಗನು ಪಳಗಿದವರ ಸಂಗಡ ದಿನ ಕಳೆಯುತ್ತಾನೆ. ತಾಯಿಯೊಂದಿಗೆ ಆರು ವರುಷದೊಳಗಿನ ಕೂಸು ಇರುವದೂ ಉಂಟು. ಎಲ್ಲಕ್ಕಿಂತ ಕೆಟ್ಟದ್ದು ಇದು: ತಿಂಗಳುಗಟ್ಟಲೆ ಕಾದು ಬೇಸತ್ತವನು, ಒಪ್ಪಿಕೊಂಡರೆ ಇದ್ದಷ್ಟು ದಿನಗಳೇ ಶಿಕ್ಷೆಯೆಂದು ಲೆಕ್ಕವಾಗಿ ಹೊರಗೆ ಹೋದೇನೆಂದು ನೆನಸಿ, ಮಾಡದ ತಪ್ಪನ್ನೂ ಒಪ್ಪಿಕೊಳ್ಳುವ ಶೋಧನೆಗೆ ಬೀಳುತ್ತಾನೆ.

ಜಾತಿಭೇದವೂ ಆ ಗೋಡೆಗಳೊಳಗೆ ನುಗ್ಗಿತ್ತು. ಕೆಲವು ಪ್ರಾಂತಗಳ ಸೆರೆಮನೆಯ ನಿಯಮಗ್ರಂಥಗಳಲ್ಲೇ ಕಸ ಗುಡಿಸುವುದು ಇಂಥ ಕುಲದವರಿಗೆ, ಅಡಿಗೆ ಮಾಡುವುದು ಇಂಥವರಿಗೆ ಎಂದು ಬರೆದಿತ್ತು. ಸುಕನ್ಯಾ ಶಾಂತಾ ಎಂಬ ಪತ್ರಿಕಾಲೇಖಕಿಯು ಇದನ್ನು ನ್ಯಾಯಾಲಯದ ಮುಂದಿಟ್ಟದ್ದರಿಂದ 2024ರ ಅಕ್ಟೋಬರ್ 3ರಂದು ಅಂಥ ನಿಯಮಗಳು ರದ್ದಾದವು. ಊರ ಹೊರಗಣ ಕೇರಿಯಲ್ಲಿ ಹಿರಿಯರು ಪಟ್ಟ ಅವಮಾನವನ್ನು ಮರೆಯದ ನಮ್ಮವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಅಪೊಸ್ತಲನಾದ ಪೌಲನು ಕೈಸರೈಯದಲ್ಲಿ ಎರಡು ವರುಷ ಇದ್ದದ್ದು ಇಂಥ ಸೆರೆಯಲ್ಲಿಯೇ. ತೀರ್ಪಿಲ್ಲ, ಬಿಡುಗಡೆಯಿಲ್ಲ, ಅಧಿಪತಿಯಾದ ಫೇಲಿಕ್ಸನು ಲಂಚ ಸಿಕ್ಕೀತೆಂದು ಕಾದನು. ಆದರೆ ಪೌಲನು ತನ್ನ ಹಕ್ಕನ್ನು ಬಲ್ಲವನಾಗಿದ್ದು ಕೈಸರನಿಗೆ ಮೊರೆಯಿಟ್ಟನು. ನಮ್ಮ ಕೂಲಿಯವನಿಗೆ ತನ್ನ ಹಕ್ಕು ತಿಳಿಯದು. ಆದಕಾರಣ ಅದನ್ನು ಇಲ್ಲಿ ಬರೆಯುತ್ತೇವೆ.

ಬಿಹಾರದ ಸೆರೆಮನೆಗಳಲ್ಲಿ, ತಪ್ಪು ರುಜುವಾದರೂ ಸಿಗಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚುಕಾಲ ಕೊಳೆತವರ ಸುದ್ದಿ ಹೊರಬಿದ್ದಾಗ, ಬೇಗ ವಿಚಾರಣೆಯಾಗುವುದು ಪ್ರತಿಯೊಬ್ಬನ ಹಕ್ಕೆಂದು 1979ರಲ್ಲಿ ಹುಸೇನಾರಾ ಖಾತೂನ್ ಎಂಬಾಕೆಯ ಹೆಸರಿನ ಮೊಕದ್ದಮೆಯಲ್ಲಿ ತೀರ್ಮಾನವಾಯಿತು. 2024ರ ಜುಲೈ 1ರಿಂದ ನಡೆಯುವ ಹೊಸ ಕಾನೂನಿನ ಪ್ರಕಾರ, ಮುಂಚೆ ಶಿಕ್ಷೆಯಾಗದವನು ತನ್ನ ಮೇಲಿರುವ ಅಪರಾಧದ ಅತ್ಯಧಿಕ ಶಿಕ್ಷೆಯ ಮೂರನೇ ಒಂದು ಪಾಲು ಕಾಲ ಒಳಗೆ ಕಳೆದಿದ್ದರೆ ಅವನನ್ನು ಬಿಡಬೇಕು. ಇತರರನ್ನು ಅರ್ಧ ಕಳೆದಾಗ. ಮರಣ ಅಥವಾ ಜೀವಾವಧಿ ಶಿಕ್ಷೆಯುಳ್ಳ ಅಪರಾಧಕ್ಕೂ, ಒಂದಕ್ಕಿಂತ ಹೆಚ್ಚು ಮೊಕದ್ದಮೆಗಳುಳ್ಳವನಿಗೂ ಇದು ಸಲ್ಲದು. ಇದಕ್ಕಾಗಿ ಅರ್ಜಿ ಬರೆಯುವುದು ಸೆರೆಮನೆಯ ಮೇಲಧಿಕಾರಿಯ ಕರ್ತವ್ಯ. ಸಾಧಾರಣವಾದ ಮೊಕದ್ದಮೆಯಲ್ಲಿ ಪೋಲೀಸಿನವರು 60 ದಿನಗಳೊಳಗೆ, ಭಾರವಾದದ್ದರಲ್ಲಿ 90 ದಿನಗಳೊಳಗೆ ದೋಷಾರೋಪಣೆಯ ಪಟ್ಟಿಯನ್ನು ಒಪ್ಪಿಸದಿದ್ದರೆ ಜಾಮೀನು ಕೇಳುವ ಹಕ್ಕು ಹುಟ್ಟುತ್ತದೆ. ಆದರೆ ಪಟ್ಟಿಯು ಬರುವ ಮುಂಚೆ ಕೇಳದವನಿಗೆ ಅದು ದಕ್ಕದು. ಬಡಕೈದಿಗಳ ಜಾಮೀನಿನ ಹಣಕ್ಕಾಗಿ 2023ರಲ್ಲಿ ಕೇಂದ್ರ ಸರಕಾರವು ಒಂದು ಸಹಾಯವನ್ನು ಏರ್ಪಡಿಸಿ, ಆಗ ಒಬ್ಬನಿಗೆ 40,000 ರೂಪಾಯಿಯ ವರೆಗೆ ಗೊತ್ತುಮಾಡಿತು.

ವಕೀಲನಿಗೆ ಕೊಡಲು ಹಣವಿಲ್ಲವೆಂದು ಸುಮ್ಮನಿರುವುದು ಸರಿಯಲ್ಲ. 1987ರ ಕಾನೂನಿನ ಮೇರೆಗೆ ಕಾವಲಿನಲ್ಲಿರುವ ಯಾವನಿಗಾದರೂ, ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ ವಕೀಲನನ್ನು ಧರ್ಮಾರ್ಥವಾಗಿ ಕೊಡಬೇಕು. ನಮ್ಮ ಜಿಲ್ಲೆಯ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದಲ್ಲಿದ್ದಾರೆ. ತಾಲೂಕಿನ ಕಾನೂನು ಸೇವಾ ಸಮಿತಿಯನ್ನು ನ್ಯಾಯಸ್ಥಾನದಲ್ಲಿಯೇ ವಿಚಾರಿಸಬಹುದು, ಇಲ್ಲವೆ 15100 ಎಂಬ ಸಂಖ್ಯೆಗೆ ಫೋನು ಮಾಡಬಹುದು.

ಇನ್ನು ಹೊಣೆಯ ಅಂಜಿಕೆಯ ವಿಷಯ. ಹೊಣೆ ನಿಲ್ಲಬಾರದೆಂದು ಸೊಲೊಮೋನನ ಜ್ಞಾನೋಕ್ತಿಗಳನ್ನು ಎತ್ತಿ ತೋರಿಸುವವರು ನಮ್ಮ ಸಭೆಗಳಲ್ಲಿದ್ದಾರೆ. ಅಲ್ಲಿ ಹೇಳಿರುವುದು ಅನ್ಯನ ಸಾಲಕ್ಕೆ ಕೈಹಾಕುವವನ ಕುರಿತು. ಜಾಮೀನಿನ ಹೊಣೆಗಾರನು ಯಾರ ಸಾಲವನ್ನೂ, ಯಾರ ಅಪರಾಧವನ್ನೂ ಹೊರುವುದಿಲ್ಲ. ಕರೆದ ದಿನ ಈ ಮನುಷ್ಯನು ನ್ಯಾಯಸ್ಥಾನಕ್ಕೆ ಬರುವನೆಂದು ಮಾತ್ರ ಮಾತು ಕೊಡುತ್ತಾನೆ. ಅವನು ತಪ್ಪಿಸಿಕೊಂಡರೆ ಮುಚ್ಚಳಿಕೆಯ ಹಣ ಕೊಡಬೇಕಾದೀತು, ಇದನ್ನು ಮರೆಮಾಡಕೂಡದು. ಆದರೂ ಮೊದಲು ನೋಟೀಸು ಕೊಟ್ಟು ಕೇಳುತ್ತಾರೆ. ನಂಬಿಕೆ ತಪ್ಪಿದರೆ ತನ್ನನ್ನು ಹೊಣೆಯಿಂದ ಬಿಡಿಸಬೇಕೆಂದು ನ್ಯಾಯಸ್ಥಾನಕ್ಕೆ ಅರ್ಜಿ ಕೊಡುವುದಕ್ಕೂ ದಾರಿಯಿದೆ. ಪಹಣಿಯುಳ್ಳ ಸಭೆಯ ಹಿರಿಯನು, ತಾನು ಚಿಕ್ಕಂದಿನಿಂದ ಬಲ್ಲ ನೆರೆಯವನಿಗಾಗಿ ಇಷ್ಟು ಮಾಡುವುದು ಹೆಚ್ಚಿನ ಮಾತೆಂದು ನಮಗೆ ತೋರುವುದಿಲ್ಲ.

ಸಮಿತಿಯ ಬಳಿಗೆ ಹೋಗುವಾಗ ಮೊಕದ್ದಮೆಯ ನಂಬರು, ಹಾಕಿದ ಕಲಮುಗಳು, ಪೋಲೀಸು ಠಾಣೆಯ ಹೆಸರು, ಅವನಿರುವ ಸೆರೆಮನೆ ಇವುಗಳನ್ನು ಒಂದು ಚೀಟಿಯಲ್ಲಿ ಬರಕೊಂಡು ಹೋಗಬೇಕು. ಅವನನ್ನು ಮೊದಲು ನ್ಯಾಯಾಧಿಪತಿಯ ಮುಂದೆ ನಿಲ್ಲಿಸಿ ಕಾವಲಿಗೆ ಒಪ್ಪಿಸಿದ ತಾರೀಕನ್ನು ಮರೆಯದೆ ಬರೆಯಬೇಕು. ಯಾಕಂದರೆ ಆ 60 ದಿನಗಳ ಲೆಕ್ಕ ಹಿಡಿಯುವುದು ಅಲ್ಲಿಂದಲೇ.